ಊದಿ

ಈ ಹನ್ನೊಂದು ವರ್ಷದಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು ಒಂದೇ:
ಊದಿ.
ಅರಸೀಕೆರೆ ಜಂಕ್ಷನ್ನಿನ ಕ್ರೂ ಲಾಬಿಯಲ್ಲಿ, ಕಬ್ಬಿಣದ ಮೇಜಿನಾಚೆ
ಹೊತ್ತಲ್ಲದ ಹೊತ್ತಲ್ಲಿ ಬರುವ ಬಾಯಿಗಳಿಗೆ
ಊದಿ, ಇನ್ನೂ ಜೋರಾಗಿ, ಸಾಕು.
ಈರುಳ್ಳಿ, ಎಲೆಯಡಿಕೆ,
ಮನೆಯಲ್ಲಿ ಜಗಳಾಡಿ ಉಣ್ಣದೆ ಬಂದವರ ಹುಳಿತೇಗು,
ಎಲ್ಲ ನನಗೆ ಗೊತ್ತು. ಯಂತ್ರಕ್ಕೆ ಗೊತ್ತಿರುವುದು ಒಂದೇ.

ಮರುಳಸಿದ್ದಯ್ಯನವರು ಊದಿದ್ದು ನಸುಕಿನ ನಾಲ್ಕೂ ಹತ್ತಕ್ಕೆ.
ಬೀರೂರು ಕಡೆಯ ಗೂಡ್ಸು ಮೂರನೇ ಲೈನಿನಲ್ಲಿ ಕಾದಿತ್ತು.
ಕೊರಳಲ್ಲಿ ಕರಡಿಗೆ, ಕೈಯಲ್ಲಿ ಊಟದ ಡಬ್ಬಿ,
ಮದುವೆಮನೆಯ ಪಾನಕವನ್ನೂ ಮೂಸಿ ನೋಡಿ ಕುಡಿಯುವ ಮನುಷ್ಯ.
ಯಂತ್ರ ಕಿರುಚಿತು.
ಕೆಂಪು ದೀಪ. ಹದಿನೆಂಟು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಅಸಿಸ್ಟೆಂಟು ಹುಡುಗ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ, ಕಟ್ಟಿದ್ದನ್ನೇ.
"ಫಿಲೋಮಿನಮ್ಮ, ನಿನ್ನ ಮಿಷನ್ನು ಕೆಟ್ಟಿದೆ."
ನಾನೇ ಊದಿದೆ. ಸೊನ್ನೆ.
ಹುಡುಗ ಊದಿದ. ಸೊನ್ನೆ.

ಆಮೇಲೆ ಅವರ ಕೈ ತಾನಾಗಿ ಜೇಬಿಗೆ ಹೋಯಿತು.
ಹೆಬ್ಬೆರಳಿನಷ್ಟು ಕಂದು ಸೀಸೆ.
"ಇದಾ? ಇದು ಹೋಮಿಯೋಪತಿ ಕಣಮ್ಮ, ಸೈಡ್ ಎಫೆಕ್ಟೇ ಇಲ್ಲವಂತೆ.
ಎದೆಯುರಿಗೆ. ಬಿ.ಎಚ್. ರಸ್ತೇಲಿ ತಗೊಂಡೆ,
ಚೀಟಿ ಗೀಟಿ ಏನೂ ಕೇಳಲಿಲ್ಲ."

ಟಾರ್ಚು ಬಿಟ್ಟು ಓದಿದೆ.
ಹೂವಿನ ಚಿತ್ರದ ಕೆಳಗೆ, ಬೆಲೆಯ ಚೀಟಿ ಅರ್ಧ ನುಂಗಿದ
ಇರುವೆಸಾಲಿನಂಥ ಇಂಗ್ಲಿಷು:
ಆಲ್ಕೋಹಾಲ್, ನೂರಕ್ಕೆ ಅರವತ್ತೈದು.
ಗಟ್ಟಿಯಾಗಿ ಓದಲು ನಾಚಿಕೆಯಾಯಿತು, ಅವರ ಪರವಾಗಿ.
ಹನಿ ಹನಿ ಕೂಡಿದರೆ ಹಳ್ಳವೆಂದು ಶಾಲೆಯಲ್ಲಿ ಕಲಿತೆವು,
ಹದಿನೆಂಟೂ ಆಗುತ್ತದೆಂದು ಯಾರೂ ಹೇಳಿರಲಿಲ್ಲ.

ಎಷ್ಟು ಹಾಕ್ಕೊಂಡ್ರಿ ಸಾರ್?
"ಅರ್ಧ ಲೋಟ ನೀರಿಗೆ ಹತ್ತು ಹನಿ ಅಂದಿದ್ದ."
ಅವನು ಅಂದದ್ದು ಸರಿ, ನೀವು ಹಾಕ್ಕೊಂಡದ್ದು?
"ಮೊದಮೊದಲು ಹತ್ತು. ಉರಿ ಇಳೀಲಿಲ್ಲ, ಇಪ್ಪತ್ತು.
ಈಚೆಗೆ ಎಣಿಸೋದು ಬಿಟ್ಟೆ.
ಈಗ ಸೇತುವೆ ಮೆಟ್ಟಿಲು ಹತ್ತಿ ಬಂದೆನಲ್ಲ, ಉರೀತು,
ನೀರೆಲ್ಲಿ ಹುಡುಕಲಿ, ನಾಲಿಗೆಗೇ ಬಿಟ್ಕೊಂಡೆ."
ಎಷ್ಟು ದಿನದಿಂದ?
"ಶಿವರಾತ್ರಿ ಕಳೆದ ಮೇಲೆ."
ಗೋಡೆಯ ಮೇಲೆ ಜೂನ್ ಮುಗಿಯುತ್ತಿತ್ತು.

ಮೆಟ್ಟಿಲು ಹತ್ತಿದರೆ ಮಾತ್ರ ಉರಿಯುತ್ತಾ?
"ಹತ್ತಿದಾಗಲೇ. ನಿಂತರೆ ಹೋಗುತ್ತೆ. ಗ್ಯಾಸು."
ಗ್ಯಾಸಿಗೆ ಮೆಟ್ಟಿಲು ಎಣಿಸಲು ಬರುತ್ತದೆಯೇ ಸಾರ್?

ಅವರು ಉತ್ತರಿಸಲಿಲ್ಲ. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಬಾಯಿ ಮುಕ್ಕಳಿಸಿಸಿದೆ, ಇಪ್ಪತ್ತು ನಿಮಿಷ ಕೂರಿಸಿದೆ,
ಮತ್ತೆ ಊದಿದಾಗ ಸೊನ್ನೆ.
ಆದರೂ ಹದಿನೆಂಟನ್ನು ಬರೆಯಲೇಬೇಕು. ಬರೆದೆ,
ಮೂವತ್ತನಾಲ್ಕು ವರ್ಷದ ಸೊನ್ನೆಗಳ ಸಾಲಿನ ತುದಿಗೆ.
ಪಕ್ಕದಲ್ಲಿ ಔಷಧದ ಹೆಸರನ್ನೂ,
ಆ ಲೇಬಲ್ಲಿನಷ್ಟೇ ಸಣ್ಣದಾಗಿ.
ಗೂಡ್ಸನ್ನು ಬೇರೆಯವರು ಒಯ್ದರು.
ಇವರನ್ನು ಹುಡುಗನ ಜೊತೆ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ.
ಸೀಸೆ ಬಿಸಾಡಲು ಹೊರಟಿದ್ದರು.
ಬೇಡ, ಡಾಕ್ಟರಿಗೆ ತೋರಿಸಿ, ಬಚ್ಚಿಡಬೇಡಿ ಅಂದೆ.
ಏಳಕ್ಕೆ ಹುಡುಗನ ಫೋನು:
ಇ.ಸಿ.ಜಿ. ನೋಡಿದವರೇ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಒಯ್ಯುತ್ತಿದ್ದಾರೆ.

ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಬಂದರೆ
ಅಡುಗೆಮನೆ ಕಿಟಕಿಯಲ್ಲಿ ನಮ್ಮವೂ ಎರಡು ನಿಂತಿವೆ, ಬಿಸಿಲು ಕಾಯುತ್ತ.
ಅಮ್ಮನ ಕಣ್ಣಿಗೆ ಬಿಡುವುದೊಂದು, ಮಗುವಿನ ಶೀತಕ್ಕೆ ಕುಡಿಸುವುದೊಂದು.
ಒಂದೇ ಎತ್ತರ, ಒಂದೇ ಕಂದು, ಒಂದೇ ರಬ್ಬರಿನ ತಲೆ.
ತಾರೀಖಿದ್ದ ಜಾಗದಲ್ಲಿ ಒಗ್ಗರಣೆಯ ಬೆರಳು.
ಕೊಂಡು ತಂದವಳು ನಾನೇ. ನನ್ನನ್ನೂ ಯಾರೂ ಚೀಟಿ ಕೇಳಿರಲಿಲ್ಲ.

"ಏನೇ ಹಾಗೆ ನೋಡ್ತೀಯ, ಬರೀ ಹನಿ," ಸೊಪ್ಪು ಸೋಸುತ್ತ ಅಮ್ಮ.
ಒಳಗೆ ಸ್ಟೂಲು ಎಳೆಯುವ ಸದ್ದು.
ಕುಡಿಸುವ ಸೀಸೆಯ ಮುಚ್ಚಳ ತಿರುಗಿಸಿ ಮೂಸಿದೆ.
ನಾಲ್ಕೂ ಹತ್ತರ ಅದೇ ವಾಸನೆ.

ಓಡಿ ಬಂದ ಮಗುವನ್ನು ಎತ್ತಿಕೊಂಡೆ, ಬಾಯಿಗೆ ಮೂಗು ಹಿಡಿದೆ.
ಹಾಲು. ಬರೀ ಹಾಲು.

ಹಾಸನದಿಂದ ಇನ್ನೂ ಫೋನಿಲ್ಲ.